ಕೈ ಬಂದ ಮೇಲೆ

ರಂಗಕ್ಕನಿಗೆ ಲಕ್ವ ಹೊಡೆದ ವರ್ಷ ಮನೆಯವರೆಲ್ಲ ನೋಡುತ್ತಿದ್ದದ್ದು ಅವಳ ಎಡಗೈಯನ್ನು. ಬೆರಳು ಆಡಿತೇ, ಮುಷ್ಟಿ ಕಟ್ಟಿತೇ, ಲೋಟ ಎತ್ತಿತೇ ಎನ್ನುವುದೇ ದಿನದ ಮಾತು. ಕೈ ನಿಧಾನವಾಗಿ, ಬೆರಳು ಬೆರಳಾಗಿ ಬಂತು. ಎಡಗಾಲು ಸ್ವಲ್ಪ ಎಳೆದರೂ ನೆಲಕ್ಕೆ ಊರಿ ನಿಂತಿತು. ಯುಗಾದಿಗೆ ಅವಳು ತಾನೇ ಕೂತು ಹೋಳಿಗೆ ತಟ್ಟಿದಾಗ ಬೀದಿಯ ಹೆಂಗಸರು ಬಂದು ನೋಡಿಕೊಂಡು ಹೋದರು.

"ಪೂರ್ತಿ ವಾಸಿ ಆಗ್ಬುಟ್ಲು ಕಣಮ್ಮ" ಎಂದು ಪಕ್ಕದ ಮನೆಯ ದಾಸಮ್ಮ ಹೇಳಿದ್ದನ್ನು ಎಲ್ಲರೂ ನಂಬಿದರು. ಸೊಸೆ ವರಲಕ್ಷ್ಮಿಯೂ ನಂಬಿದಳು. ಅಷ್ಟು ತಿಂಗಳು ಅತ್ತೆಯನ್ನು ಎತ್ತಿ ಇಳಿಸಿ, ಒಗೆದು ಬಳಿದು ಅವಳ ಸೊಂಟ ಬಿದ್ದುಹೋಗಿತ್ತು. ವಾಸಿಯಾಯಿತು ಎಂಬ ಮಾತು ಅತ್ತೆಗಿಂತ ಅವಳಿಗೇ ಹೆಚ್ಚು ಬೇಕಾಗಿತ್ತು.

ಮನೆ ಇದ್ದದ್ದು ಮಧುಗಿರಿಯಲ್ಲಿ, ಬೆಟ್ಟದ ಬುಡದ ಬೀದಿಯಲ್ಲಿ. ಮಾವ ಕದರಪ್ಪ ಕೋರ್ಟಿನಲ್ಲಿ ಜವಾನನಾಗಿದ್ದು ನಿವೃತ್ತನಾದವನು. ಗಂಡ ಓಬಳರಾಜು ಬಸ್ ಕಂಡಕ್ಟರ್. ಒಂದು ದಿನ ಮನೆಯಲ್ಲಿದ್ದರೆ ಎರಡು ದಿನ ಇರುತ್ತಿರಲಿಲ್ಲ. ಮಗಳು ಶರಣ್ಯಾ ಒಂಬತ್ತನೇ ಕ್ಲಾಸು. ವರಲಕ್ಷ್ಮಿ ತಿರುಮಣಿ ಕಡೆಯವಳು, ಕೋರ್ಟಿನ ಎದುರು ವೃಷಭೇಂದ್ರಪ್ಪನವರ ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತಿದ್ದಳು. ಅತ್ತೆಗೆ ಕೈ ಬಂದ ಮರುವಾರವೇ ಅವಳು ಕೆಲಸಕ್ಕೆ ಮರಳಿದಳು, ಅಡಿಗೆಮನೆ ಮತ್ತೆ ರಂಗಕ್ಕನದಾಯಿತು.

ದೀಪಾವಳಿ ಕಳೆದ ಮೇಲೆ ಸಾರು ಕೆಡತೊಡಗಿತು.

"ಅಜ್ಜಿ, ಸಾರೆಲ್ಲ ಉಪ್ಪು" ಎಂದು ಶರಣ್ಯಾ ತಟ್ಟೆ ತಳ್ಳಿದಳು.

"ನಿನ್ ನಾಲಿಗೆ ಕೆಟ್ಟೈತೆ. ಇಲ್ಲಾಂದ್ರೆ ನಿಮ್ಮಮ್ಮ ಇನ್ನೊಂದ್ಸಲ ಹಾಕಿರ್ತಾಳೆ."

"ನಾನು ಒಲೆ ಹತ್ರ ಬಂದೇ ಇಲ್ಲ ಅತ್ತೆ. ಈಗ ಅಂಗಡಿಯಿಂದ ಬಂದು ಕೈಕಾಲು ತೊಳ್ಕೊಂಡೆ."

"ನೀನು ಬರ್ದಂಗೆ ಉಪ್ಪು ತಾನಾಗೇ ನಡ್ಕೊಂಡ್ ಬಂದು ಬಿತ್ತಾ?"

ಕದರಪ್ಪ ಸಾರಿಗೆ ಒಂದು ಲೋಟ ನೀರು ಸುರಿದುಕೊಂಡು ಮುದ್ದೆ ಮುರಿದು ನುಂಗಿದ. "ಸರಿಯಾಗೇ ಐತೆ, ತಿನ್ರಿ" ಎಂದ.

ಆಮೇಲೆ ಒಂದರ ಹಿಂದೆ ಒಂದು. ಹಾಲಿನವನು ಬಂದು ಹೋದ ಮೇಲೂ "ಹಾಲಿನೋನು ಬಂದ್ನಾ?" ಎಂದು ಕೇಳುವುದು, ಬಂದಿದ್ದ ಎಂದರೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳುವುದು. ಜೀರಿಗೆ ಡಬ್ಬಿ ಅಕ್ಕಿ ಚೀಲದಲ್ಲಿ ಸಿಕ್ಕಿತು. ಸಿಗುವತನಕ ಅದನ್ನು ಸೊಸೆ ತವರಿಗೆ ಸಾಗಿಸಿದ್ದಾಳೆಂದು ಬೀದಿಗೆಲ್ಲ ಕೇಳುವಂತೆ ಮಾತಾಯಿತು. ಸಿಕ್ಕ ಮೇಲೆ, ಸಾಗಿಸಲು ಅಲ್ಲಿಟ್ಟಿದ್ದಾಳೆಂದಾಯಿತು. ಅತ್ತೆಯ ಬಾಯಿ ಮೊದಲೂ ಮೆತ್ತಗಿದ್ದದ್ದಲ್ಲ. ಹಾಗಾಗಿ ಇದು ಹೊಸ ಕಾಯಿಲೆಯೋ ಹಳೆಯ ಗುಣವೋ ವರಲಕ್ಷ್ಮಿಗೆ ತಿಳಿಯಲಿಲ್ಲ. ಕೈ ಸರಿಯಾಗಿದೆ, ಕಾಲು ಸರಿಯಾಗಿದೆ, ಮಾತು ಮೊದಲಿನಷ್ಟೇ ಚುರುಕು. ಬೇಕೆಂದೇ ಮಾಡುತ್ತಿದ್ದಾಳೆ ಎಂದುಕೊಂಡಳು.

ಇನ್ನೊಂದು ಸಂಗತಿ ಅವಳನ್ನು ಕೊರೆಯುತ್ತಿತ್ತು. ನಲವತ್ತು ವರ್ಷ ಅಡಿಗೆಮನೆಯ ಹೊಸಿಲು ದಾಟದ ಮಾವ ಈಗ ಬೆಳಗಾದರೆ ಅಲ್ಲೇ ಮಣೆ ಹಾಕಿಕೊಂಡು ಕೂರುತ್ತಿದ್ದ.

"ನಿಮ್ಮಪ್ಪ ಯಾಕೆ ಅಲ್ಲೇ ಕೂತಿರ್ತಾರೆ?" ಎಂದು ಗಂಡನನ್ನು ಕೇಳಿದಳು. "ನಾನು ಏನಾದ್ರೂ ಕದ್ದು ತಿಂತೀನಿ ಅಂತಾನಾ?"

"ಅಮ್ಮನಿಗೆ ಜೊತೆಗಿರ್ಲಿ ಅಂತ ಕೂತಿರ್ತಾರೆ. ಅದ್ರಲ್ಲೂ ತಪ್ಪು ಹುಡುಕ್ಬೇಡ" ಎಂದು ಓಬಳರಾಜು ಬ್ಯಾಗು ಹೆಗಲಿಗೇರಿಸಿ ಡ್ಯೂಟಿಗೆ ಹೋದ.

ಒಂದು ಮಧ್ಯಾಹ್ನ ಕರೆಂಟು ಹೋಗಿ ಅಂಗಡಿ ಬೇಗ ಮುಚ್ಚಿತು. ಅವಳು ಹಿತ್ತಿಲ ಬಾಗಿಲಿಂದ ಬಂದಾಗ ರಂಗಕ್ಕ ನಡುಮನೆಯಲ್ಲಿ ಮಲಗಿದ್ದಳು. ಕದರಪ್ಪ ಒಲೆಯ ಮುಂದೆ ನಿಂತು ಸಾರಿನ ರುಚಿ ನೋಡಿದ. ಮುಖ ಹಿಂಡಿ, ಅರ್ಧ ಸಾರನ್ನು ಬಚ್ಚಲಿಗೆ ಚೆಲ್ಲಿ, ನೀರು ಬೆರೆಸಿ, ಹುಣಿಸೆ ಹುಳಿ ಹಿಂಡಿ ಮತ್ತೆ ಕುದಿಯಲು ಇಟ್ಟ. ತಿರುಗಿದಾಗ ಸೊಸೆ ನಿಂತಿದ್ದಳು. ಅವನು ಸೌಟು ತೊಳೆದಿಟ್ಟು ಆಚೆ ಹೋದ.

ಮಾವನಿಗೆ ಎಲ್ಲ ಗೊತ್ತಿತ್ತು. ತನ್ನನ್ನು ಕಳ್ಳಿ ಎಂದಾಗಲೂ, ಉಪ್ಪು ಸುರಿದವಳು ಎಂದಾಗಲೂ ಗೊತ್ತಿತ್ತು. ಅವಳಿಗೆ ಸಿಟ್ಟು ಬಂತು. ಆದರೆ ಜಗಳಕ್ಕೆ ನಿಲ್ಲುವಷ್ಟು ತ್ರಾಣ ಉಳಿದಿರಲಿಲ್ಲ.

ಆಗಲೇ ಅಶ್ವಿನಿಯ ದಿನ ಹತ್ತಿರವಾಗಿತ್ತು. ಅಶ್ವಿನಿ ಓಬಳರಾಜುವಿನ ತಂಗಿ, ಶಿರಾದಲ್ಲಿ ಟೀಚರ್. ಮದುವೆಯಾಗಿ ಎಂಟು ವರ್ಷಕ್ಕೆ ಬಸುರಾಗಿದ್ದಳು. ಹೆರಿಗೆ, ಬಾಣಂತನ ತವರಿನಲ್ಲೇ ಎಂದು ಮೊದಲೇ ಮಾತಾಗಿತ್ತು. ಎಳೆಮಕ್ಕಳಿಗೆ ನೀರು ಹಾಕುವುದರಲ್ಲಿ ರಂಗಕ್ಕ ಆ ಬೀದಿಗೇ ಹೆಸರಾದವಳು. ಶರಣ್ಯಾಳನ್ನು ಕಾಲ ಮೇಲೆ ಹಾಕಿಕೊಂಡು ಮೀಯಿಸಿದವಳೂ ಅವಳೇ.

"ಅತ್ತಿಗೆ, ಮಗೂಗೆ ನೀರಾಕೋಕೆ ಅಮ್ಮನ ಕೈಗೆ ಶಕ್ತಿ ಐತಾ?" ಎಂದು ಅಶ್ವಿನಿ ಫೋನಿನಲ್ಲಿ ಕೇಳಿದಳು.

"ಕೈಗೇನೋ ಐತೆ." ವರಲಕ್ಷ್ಮಿ ತಡೆದಳು. "ಮರೆವು ಜಾಸ್ತಿ ಆಗೈತೆ ಅಶ್ವಿನಿ. ಗ್ಯಾಸ್ ಹಚ್ಚಿ ಮರ್ತುಬಿಡ್ತಾರೆ. ನೀರಾಕೋಕೆ ದಾಸಮ್ಮನ್ನ ಕೇಳೋಣ ಅಂತ ಅನ್ಕೊಂಡಿದೀನಿ."



"ಬಾಣಂತನ ನಿಮಗೆ ಭಾರ ಅನ್ನಿಸಿದ್ರೆ ನೇರವಾಗಿ ಹೇಳಿ. ಅಮ್ಮನ ಮೇಲೆ ಹಾಕಬೇಡಿ."

"ಭಾರ ಅಂತ ನಾನಂದ್ನಾ?"

"ಅಮ್ಮ ದಿನಾ ನನ್ ಜೊತೆ ಮಾತಾಡ್ತಾರೆ. ಏನಾದ್ರೂ ಇದ್ದಿದ್ರೆ ನಂಗೊತ್ತಾಗ್ತಿರ್ಲಿಲ್ವಾ?"

ಅದೂ ನಿಜವೇ. ಫೋನಿನಲ್ಲಿ ರಂಗಕ್ಕ ಹಳೆಯ ರಂಗಕ್ಕನೇ ಆಗಿರುತ್ತಿದ್ದಳು. ಊಟ ಆಯಿತೇ, ಕಾಲು ಊದಿದೆಯೇ, ಅಳಿಯಂದಿರು ಚೆನ್ನಾಗಿದ್ದಾರೆಯೇ ಎಂದು ಕೇಳುವಷ್ಟಕ್ಕೆ ಅವಳ ನೆನಪು ಸಾಕಾಗುತ್ತಿತ್ತು.

ಸಂಜೆ ಮನೆಯಲ್ಲಿ ಪಂಚಾಯ್ತಿಯಾಯಿತು. "ನಂಗೆ ಅರಳುಮರಳು ಅಂತ ನನ್ ಮಗಳ್ಗೇ ಹೇಳ್ದೇನೇ?" ಎಂದು ರಂಗಕ್ಕ ಸೆರಗು ಕಟ್ಟಿ ನಿಂತಳು. "ಈ ಕೈಲಿ ಎಷ್ಟು ಮಕ್ಕಳಿಗೆ ನೀರಾಕಿದೀನಿ ಗೊತ್ತಾ? ನಿನ್ ಮಗಳನ್ನ ಬಚ್ಚಲಿಗೆ ತಕೊಂಡೋಗಕ್ಕೂ ನಡುಗ್ತಿದ್ದೋಳು ನೀನು."

"ಮಾವ, ನೀವೇ ಹೇಳಿ" ಎಂದಳು ವರಲಕ್ಷ್ಮಿ.

ಕದರಪ್ಪ ಮೂಲೆಯಲ್ಲಿದ್ದ ಚಪ್ಪಲಿಯನ್ನು ಕಾಲಿನಿಂದ ಸರಿಮಾಡುತ್ತ ನಿಂತ. "ಇರ್ಲಿ ಬುಡ್ರಮ್ಮ. ವಯಸ್ಸಾದ್ಮೇಲೆ ಯಾರಿಗ್ ಮರೆವಿಲ್ಲ" ಎಂದ.

ಓಬಳರಾಜು ಹೆಂಡತಿಯ ಕಡೆ ನೋಡಿದ ನೋಟದಲ್ಲಿ, ಇನ್ನಾದರೂ ಸಾಕುಮಾಡು ಎಂದಿತ್ತು. ಅವಳು ಒಳಗೆ ಹೋಗಿ ಪಾತ್ರೆ ಉಜ್ಜತೊಡಗಿದಳು.

ಅಶ್ವಿನಿ ತವರಿಗೆ ಬಂದಳು, ಗಂಡುಮಗುವಾಯಿತು. ಅವಳ ಗಂಡ ಮೋಹನ್ ಕುಮಾರ್ ಶಿರಾದಿಂದ ಪೇಡೆ ತಂದು ಬೀದಿಗೆಲ್ಲ ಹಂಚಿಹೋದ. ಹೊಕ್ಕುಳ ಬಳ್ಳಿ ಉದುರಿದ ಮೇಲೆ ಮೊದಲ ನೀರು. ವರಲಕ್ಷ್ಮಿ ಹಂಡೆಗೆ ಉರಿ ಹಾಕಿ, ಬಕೀಟಿನಲ್ಲಿ ತಣ್ಣೀರು ಬೆರೆಸಿ ತಾನೇ ಹದ ನೋಡಿಟ್ಟಳು. ರಂಗಕ್ಕ ಬಚ್ಚಲಲ್ಲಿ ಮಣೆಯ ಮೇಲೆ ಕೂತು ಸೀರೆ ಮೊಣಕಾಲಿಗೆ ಸರಿಸಿ ಎರಡೂ ಕಾಲು ನೀಡಿದಳು. ಮೊದಲ ಚೊಂಬು ನೀರನ್ನು ತನ್ನ ಕಾಲ ಮೇಲೇ ಸುರಿದುಕೊಂಡಳು. ಯಾವ ಮಗುವಾದರೂ ಅವಳು ಹಾಗೆಯೇ. ಆಮೇಲೆ "ಕೊಡು" ಎಂದು ಕೈ ಚಾಚಿದಳು.

ವರಲಕ್ಷ್ಮಿ ಪಕ್ಕದಲ್ಲೇ ನಿಂತು ನೋಡಿದಳು. ಒಂದು ತಪ್ಪೂ ಇಲ್ಲ. ಎಡಗೈ ಮಗುವಿನ ಕತ್ತಿಗೆ ಆತು ನಿಂತಿತು, ಬಲಗೈ ಎಣ್ಣೆ ತೀಡಿತು, ಮೂಗು ತೀಡಿತು, ಬೆನ್ನಿಗೆ ತಿರುಗಿಸಿ ನೀರು ಹೊಯ್ದಿತು. ಮಗು ಅತ್ತು ಅತ್ತು ಕೊನೆಗೆ ಸುಖವಾಗಿ ಆಕಳಿಸಿತು. ಸಾಂಬ್ರಾಣಿ ಹೊಗೆ ಹಿಡಿಯುವಾಗ ಅಶ್ವಿನಿ ಅತ್ತಿಗೆಯ ಮುಖ ನೋಡದೆ, "ನೋಡಿದ್ರಾ" ಎಂದಳು. ಅಷ್ಟೇ.

ಮುಂದಿನ ದಿನಗಳೂ ಹಾಗೆಯೇ ಕಳೆದವು. ಬೆಳಗ್ಗೆ ಎದ್ದು ಬಾಣಂತಿಗೆ ಮೆಣಸಿನ ಸಾರು, ಮಿಕ್ಕವರಿಗೆ ಮುದ್ದೆ, ಹಂಡೆಗೆ ಉರಿ, ನೀರಿನ ಹದ, ಬಟ್ಟೆಯ ರಾಶಿ. ಆಮೇಲೆ ಅಂಗಡಿಗೆ ಓಡುವುದು. ತಾನೇ ತಪ್ಪು ಕಂಡಿರಬೇಕು ಎಂದು ವರಲಕ್ಷ್ಮಿಗೆ ಒಂದೊಂದು ಸಲ ಅನ್ನಿಸುತ್ತಿತ್ತು.

ಎರಡನೇ ಶನಿವಾರ ಕೋರ್ಟಿಗೆ ರಜೆ, ಅಂಗಡಿಗೂ ರಜೆ. ಮಗುವಿನ ನೀರು ಮುಗಿದು, ತಿಂಡಿ ಮುಗಿದು, ಕದರಪ್ಪ ಗಿರಣಿಗೆ ರಾಗಿ ಹೊತ್ತುಕೊಂಡು ಹೋಗಿದ್ದ. ವರಲಕ್ಷ್ಮಿ ಮಾಳಿಗೆಯ ಮೇಲೆ ಬಟ್ಟೆ ಹರವಿ, ಬೆಟ್ಟದ ಬಂಡೆಯಿಂದ ಆಗಲೇ ಹೊಡೆಯುತ್ತಿದ್ದ ಕಾವಿಗೆ ತಲೆ ಮೇಲೆ ಸೆರಗು ಎಳೆದುಕೊಂಡು, ಖಾಲಿ ಬಕೀಟು ಹಿಡಿದು ಇಳಿದಳು. ಬಚ್ಚಲ ಕಡೆಯಿಂದ ಮಾತು ಕೇಳಿಸಿತು.

"ಬೆಳಗ್ಗೆ ಹಾಕಿದ್ಯಲ್ಲಮ್ಮ" ಎನ್ನುತ್ತಿದ್ದಳು ಅಶ್ವಿನಿ. ನಿದ್ದೆಗಣ್ಣು, ತೋಳಲ್ಲಿ ಬಟ್ಟೆ ಬಿಚ್ಚಿದ ಮಗು.

"ಯಾವಾಗ್ಲೇ? ನಿನ್ನೆ ಹಾಕಿದ್ದು. ಮಲ್ಗಿ ಮಲ್ಗಿ ನಿಂಗೆ ಹಗಲು ರಾತ್ರಿ ಗೊತ್ತಾಗ್ತಿಲ್ಲ. ಕೊಡಿಲ್ಲಿ."

ರಂಗಕ್ಕ ಮಣೆಯ ಮೇಲೆ ಕೂತು ಕಾಲು ನೀಡಿದ್ದಳು. ಬಕೀಟು ಇರಲಿಲ್ಲ, ಅದು ವರಲಕ್ಷ್ಮಿಯ ಕೈಯಲ್ಲಿತ್ತು. ರಂಗಕ್ಕ ಹಂಡೆಯಿಂದಲೇ ಚೊಂಬು ಅದ್ದಿ ತೆಗೆದು, ಹಬೆಯಾಡುವ ನೀರನ್ನು ತನ್ನ ಎಡಗಾಲ ಮೇಲೆ ಸುರಿದುಕೊಂಡಳು. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಹದವಾಗೈತೆ. ಕೊಡು ಮಗೂನ" ಎಂದಳು.

ಅಶ್ವಿನಿ ಬಗ್ಗಿದ್ದಳು.

"ಅಶ್ವಿನಿ, ಕೊಡಬೇಡ. ಕಾಲು ನೋಡು" ಎಂದಳು ವರಲಕ್ಷ್ಮಿ. ಅವಳ ದನಿ ಅವಳಿಗೇ ಬೇರೆಯವರದೆಂಬಂತೆ ಕೇಳಿಸಿತು.

ಮೊಣಕಾಲಿನಿಂದ ಕೆಳಗೆ ಚರ್ಮ ಕೆಂಪಾಗಿ, ನೋಡುನೋಡುತ್ತಿದ್ದಂತೆ ಬೊಬ್ಬೆ ಏಳುತ್ತಿತ್ತು. ಅಶ್ವಿನಿ ಮಗುವನ್ನು ಎದೆಗವುಚಿಕೊಂಡು ಗೋಡೆಗೆ ಒರಗಿದಳು. ರಂಗಕ್ಕ ಒಮ್ಮೆ ಮಗಳನ್ನು, ಒಮ್ಮೆ ಸೊಸೆಯನ್ನು ನೋಡಿದಳು. "ಏನಾಯ್ತು ನಿಮ್ಗೆ? ಕೊಡ್ರಿ, ಮಗು ಚಳೀಲಿ ಐತೆ" ಎಂದು ಎರಡೂ ಕೈ ಚಾಚಿಕೊಂಡೇ ಇದ್ದಳು.

ವರಲಕ್ಷ್ಮಿ ತೊಟ್ಟಿಯ ತಣ್ಣೀರು ಮೊಗೆದು ಮೊಗೆದು ಅತ್ತೆಯ ಕಾಲಿಗೆ ಹೊಯ್ದಳು. ರಂಗಕ್ಕ ಅದನ್ನು ನೋಡುತ್ತ, "ನಂಗ್ಯಾಕೆ ನೀರಾಕ್ತೀಯ, ನಾನೇನು ಬಾಣಂತೀನಾ?" ಎಂದಳು.

ಕಾಲಿಗೆ ಪಟ್ಟಿ ಹಾಕಿದ ಡಾಕ್ಟರು ಹಳೆಯ ಲಕ್ವದ ಸಂಗತಿ ಕೇಳಿ ತುಮಕೂರಿಗೆ ಬರೆದುಕೊಟ್ಟರು. ಅಲ್ಲಿ ಸ್ಕ್ಯಾನ್ ಆಯಿತು. ನರಗಳ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವಳು, ಅವಸರ ಮಾಡದೆ ಹೇಳಿದಳು.

"ಕೈ ಬಂದ್ಮೇಲೆ ಎಲ್ಲಾ ಸರಿಹೋಯ್ತು ಅನ್ಕೊಂಡ್ರಿ, ಅಲ್ವಾ? ಎಲ್ರೂ ಹಾಗೇ ಅನ್ಕೊಳ್ಳೋದು. ಕೈಕಾಲು ಆಡಿಸೋ ಜಾಗ ಬೇರೆ, ನೆನಪು ಲೆಕ್ಕಾಚಾರದ ಜಾಗ ಬೇರೆ. ಆ ದೊಡ್ಡ ಸ್ಟ್ರೋಕ್ ಆದ್ಮೇಲೆ ಸಣ್ಣ ಸಣ್ಣವು ಇನ್ನೂ ಆಗಿವೆ, ಹೊರಗೆ ಗೊತ್ತಾಗದ ಹಾಗೆ. ಎಡಗಾಲಿಗೆ ಬಿಸಿ ತಣ್ಣಗೆ ಸರಿಯಾಗಿ ತಿಳಿಯೋದಿಲ್ಲ. ಬಿಪಿ ಮಾತ್ರೆ ತಗೋತಿದಾರಾ?"

"ಕೈ ಬಂತಲ್ಲ ಅಂತ ಬಿಟ್ಬುಟ್ವಿ" ಎಂದ ಕದರಪ್ಪ.

"ವಾಸಿ ಆಗ್ತದಾ?" ಎಂದು ಕೇಳಿದಳು ವರಲಕ್ಷ್ಮಿ.

"ಹೋಗಿರೋದು ವಾಪಸ್ ಬರೋದು ಕಷ್ಟ. ಮಾತ್ರೆ ತಪ್ಪಿಸದೆ ಕೊಟ್ರೆ ಮುಂದೆ ಹೋಗೋದನ್ನ ಸ್ವಲ್ಪ ತಡೀಬಹುದು. ಒಬ್ರನ್ನೇ ಬಿಡಬೇಡಿ. ಬೇಕು ಅಂತ ಮಾಡ್ತಿಲ್ಲ ಅವ್ರು."

ಬಸ್ಸಿನಲ್ಲಿ ರಂಗಕ್ಕ ಕಿಟಕಿಗೆ ತಲೆಯಿಟ್ಟು ಮಲಗಿದಳು. ಬಸ್ಸು ಕೊರಟಗೆರೆ ದಾಟಿತು.

"ನಿಮಗೆ ಗೊತ್ತಿತ್ತು ಮಾವ" ಎಂದಳು ವರಲಕ್ಷ್ಮಿ.

"ಹ್ಞೂಂ."

"ನನ್ನ ಕಳ್ಳಿ ಅಂದಾಗ್ಲೂ ಗೊತ್ತಿತ್ತು. ಅವತ್ತು ಎಲ್ರ ಮುಂದೆ ಕೇಳ್ದೆ, ಆಗ್ಲೂ ವಯಸ್ಸು ಅಂದ್ರಿ. ಆ ಮಗು ಮೇಲೆ ನೀರು ಬಿದ್ದಿದ್ರೆ?"

ಕದರಪ್ಪ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡಿದ್ದ. "ಹೇಳಿದ್ರೆ ನೀವೆಲ್ಲ ಅವ್ಳನ್ನ ಅಡಿಗೆಮನೆಯಿಂದ ಆಚೆಗೆ ಹಾಕ್ತಿದ್ರಿ ಕಣಮ್ಮ. ಅಷ್ಟೇ ಅವ್ಳಿಗಿದ್ದದ್ದು."

"ಹಾಕ್ತಿದ್ದೆ. ನಿಜ. ಆದ್ರೆ ಬೈತಿರ್ಲಿಲ್ಲ. ಬೇಕಂತ ಮಾಡ್ತಾರೆ ಅಂತ ಒಳಗೊಳಗೇ ಶಾಪ ಹಾಕ್ತಿರ್ಲಿಲ್ಲ."

"ನಂಗೆ ಇಂಗಾಗ್ತದೆ ಅಂತ..."

"ಚಾಲು ಮಾವ." ತೀರ ಸುಸ್ತಾದಾಗ ಅವಳ ಬಾಯಿಗೆ ತವರಿನ ತೆಲುಗು ಬರುತ್ತಿತ್ತು. "ಚಾಲು. ಸಾಕು."

ಅವನು ಕಂಬಿಯ ಮೇಲೆ ಹಣೆಯಿಟ್ಟ. ಅಳುತ್ತಿದ್ದಾನೋ ಇಲ್ಲವೋ ಎಂದು ಅವಳು ನೋಡಲು ಹೋಗಲಿಲ್ಲ.

ಸಂಜೆ ಊಟಕ್ಕೆ ಕೂತಾಗ ಎಲ್ಲರೂ ಇದ್ದರು. ಶಿರಾದಿಂದ ಮೋಹನ್ ಕುಮಾರ್ ಬಂದಿದ್ದ. ಹೆಂಡತಿ ಮಗುವನ್ನು ಕರೆದುಕೊಂಡು ಹೋಗುತ್ತೇನೆಂದ. "ಅಲ್ಲಿ ನೋಡ್ಕೊಳ್ಳೋರು ಯಾರಿದಾರೆ?" ಎಂದು ಅಶ್ವಿನಿ ಕೇಳಿದಳು. ಓಬಳರಾಜು ಮುದ್ದೆ ಮುರಿಯುತ್ತ ಹೆಂಡತಿಗೆ ಹೇಳಿದ:

"ಹೆಂಗೂ ನೀನಿದೀಯಲ್ಲ. ಸ್ವಲ್ಪ ದಿನ ಅಂಗಡಿ ಬಿಟ್ಬುಡು."

"ಬಿಡಲ್ಲ" ಎಂದಳು ವರಲಕ್ಷ್ಮಿ.

"ಅಮ್ಮನ್ನ ಯಾರು ನೋಡ್ಕೊಳ್ಳೋದು ಮತ್ತೆ?"

"ಲಕ್ವ ಹೊಡ್ದಾಗ ಬಿಟ್ಟೆ. ಆಗ ವಾಸಿ ಆಗೋ ದಿನ ಅಂತ ಒಂದಿತ್ತು. ಇದಕ್ಕೆ ಅಂಥಾ ದಿನ ಇಲ್ಲ, ಡಾಕ್ಟ್ರು ಹೇಳಿದಾರೆ. ಬೆಳಗ್ಗೆ ಸಂಜೆ ನಾನು ಮಾಡ್ತೀನಿ. ಹಗಲು ಬೇರೆಯವ್ರು ಮಾಡಿ. ನೀವೂ ಡ್ಯೂಟಿ ಬದ್ಲಾಯಿಸ್ಕೊಳ್ಳಿ."

"ಡಿಪೋದಲ್ಲಿ ನಮ್ಮಪ್ಪ ಕೂತವ್ನಾ, ಕೇಳಿದ ತಕ್ಷಣ ಬದ್ಲಾಯಿಸೋಕೆ?"

"ಕೇಳೇ ಇಲ್ವಲ್ಲ ಇನ್ನೂ."

ಶರಣ್ಯಾ ನಗು ತಡೆದುಕೊಂಡಳು. ಕದರಪ್ಪ ತಟ್ಟೆಯಿಂದ ತಲೆ ಎತ್ತಿದ. "ಹಗಲು ನಾನಿರ್ತೀನಿ. ಅಡಿಗೇನೂ ಮಾಡ್ತೀನಿ. ದೀಪಾವಳಿಯಿಂದ ಮಾಡ್ತಾನೇ ಇದೀನಿ, ಮುಚ್ಚಿಟ್ಕೊಂಡು" ಎಂದ. ಆಮೇಲೆ ಮಗಳ ಕಡೆ ತಿರುಗಿ, "ನಿಮ್ಮತ್ತಿಗೆ ಹೇಳಿದ್ದು ನಿಜ ಕಣಮ್ಮ. ಸುಳ್ಳು ಹೇಳಿದ್ದು ನಾನು" ಎಂದ.

ಅಶ್ವಿನಿ ಎದ್ದು ಬಂದು ಅತ್ತಿಗೆಯ ತಟ್ಟೆಗೆ ಸಾರು ಬಡಿಸಿದಳು. ಕ್ಷಮಿಸಿ ಎನ್ನಲಿಲ್ಲ. ವರಲಕ್ಷ್ಮಿಯೂ ಅದನ್ನು ಕಾಯಲಿಲ್ಲ, ಹಸಿದಿದ್ದಳು.

ರಂಗಕ್ಕ ಎಲ್ಲರನ್ನೂ ನೋಡಿ, "ಯಾರ್ಗೆ ಹುಷಾರಿಲ್ಲ?" ಎಂದು ಕೇಳಿದಳು.

ಕೆಲವು ದಿನ ದಾಸಮ್ಮ ಬಂದು ಮಗುವಿಗೆ ನೀರು ಹಾಕಿದಳು. ಆಮೇಲೆ ಅವಳಿಗೆ ಮಂಡಿನೋವು ಶುರುವಾಗಿ ಕೂರಲಾಗಲಿಲ್ಲ. ಅಂಗಡಿಗೆ ಹೊರಡುವ ಮುಂಚೆ ವರಲಕ್ಷ್ಮಿಯೇ ಮಣೆಯ ಮೇಲೆ ಕೂತಳು. ತನ್ನ ಮಗಳಿಗೆ ಒಂದು ದಿನವೂ ನೀರು ಹಾಕಿದವಳಲ್ಲ. ಮೊದಲ ದಿನ ಮಗು ಕಾಲ ಮೇಲೆ ಜಾರಿದಂತಾಗಿ ಎರಡೂ ಕೈಯಿಂದ ಹಿಡಿದುಕೊಂಡಳು. ಬಾಗಿಲ ಬಳಿ ಕುರ್ಚಿ ಹಾಕಿ, ಪಟ್ಟಿ ಕಟ್ಟಿದ ಕಾಲು ನೀಡಿ ಕೂತ ರಂಗಕ್ಕ ದಿನವೂ ಹೇಳುತ್ತಿದ್ದಳು: ಕತ್ತಿನ ಕೆಳಗೆ ಕೈ ಕೊಡು, ಕಿವಿಗೆ ನೀರು ಹೋಗದಂಗೆ ಅಂಗೈ ಅಡ್ಡ ಇಡು, ನೆತ್ತಿಗೆ ಎತ್ತರದಿಂದ ಹೊಯ್ಯಬೇಡ. ಆಗಷ್ಟೇ ಕುಡಿದ ಕಾಫಿ ಮರೆತು ಮತ್ತೆ ಕಾಫಿ ಕೇಳುತ್ತಿದ್ದವಳು ಇದರಲ್ಲಿ ಒಂದನ್ನೂ ತಪ್ಪುತ್ತಿರಲಿಲ್ಲ. ವರಲಕ್ಷ್ಮಿ ಹೇಳಿದ ಹಾಗೆ ಮಾಡಿದಳು. ದಿನ ಕಳೆದಂತೆ ಕೈ ಕೂತಿತು.

ಬಿಸಿಲು ಬಲಿತ ಒಂದು ಬೆಳಗ್ಗೆ ಮಗು ಅಳದೆ ನೀರು ಹಾಕಿಸಿಕೊಂಡಿತು. ರಂಗಕ್ಕ ಬಹಳ ಹೊತ್ತು ನೋಡುತ್ತ ಕೂತಿದ್ದಳು.

"ನಿನ್ ಕೈ ಚೆನ್ನಾಗೈತೆ ಕಣವ್ವ" ಎಂದಳು. "ಯಾವ್ ಬೀದಿಯೋಳು ನೀನು?"

ಟವೆಲ್ ಹಿಡಿದು ನಿಂತಿದ್ದ ಅಶ್ವಿನಿ, "ಅಮ್ಮಾ, ಅದು..." ಎಂದಳು. ವರಲಕ್ಷ್ಮಿ ತಲೆ ಅಲ್ಲಾಡಿಸಿ ಬೇಡ ಎಂದಳು.

"ಇಲ್ಲೇ ಪಕ್ಕದ ಬೀದಿ ಅಮ್ಮ."

"ನನ್ ಸೊಸೆಗೆ ಒಂಚೂರು ಹೇಳ್ಕೊಟ್ಟು ಹೋಗು. ಅವ್ಳಿಗೆ ಇದೆಲ್ಲ ಬರಲ್ಲ. ಬಾಯೊಂದು ಬತ್ತದೆ."

"ಆಯ್ತು, ಹೇಳ್ಕೊಡ್ತೀನಿ. ಎಲ್ಲಿ ಅವ್ರು?"

"ಅಂಗಡಿಗೆ ಹೋಗವ್ಳೆ. ಸಾಯಂಕಾಲ ಬತ್ತಾಳೆ." ರಂಗಕ್ಕ ಹಿಂದೆ ತಿರುಗಿ ನಡುಮನೆಯನ್ನೊಮ್ಮೆ ನೋಡಿ, ದನಿ ತಗ್ಗಿಸಿದಳು. "ಅವ್ಳು ಬರೋಗಂಟ ಈ ಮನೇಲಿ ನಂಗ್ಯಾರೂ ಇಲ್ಲ ಕಣವ್ವ. ಯಾರ್ಯಾರೋ ಓಡಾಡ್ತಾರೆ."

ವರಲಕ್ಷ್ಮಿ ಮಗುವನ್ನು ಎತ್ತಿ ಟವೆಲಿಗೆ ಹಾಕಿದಳು. ಅಶ್ವಿನಿ ಮುಖ ತಿರುಗಿಸಿಕೊಂಡು ಒಳಗೆ ಹೋದಳು. ಅಡಿಗೆಮನೆಯಲ್ಲಿ ಕದರಪ್ಪ ಮುದ್ದೆ ತಿರುವುತ್ತಿದ್ದ ಸದ್ದು ಬರುತ್ತಿತ್ತು. ಅಂಗಡಿಗೆ ಹೊತ್ತಾಗಿತ್ತು, ವೃಷಭೇಂದ್ರಪ್ಪನವರು ಆಗಲೇ ಒಮ್ಮೆ ಫೋನ್ ಮಾಡಿದ್ದರು. ಅವಳು ಒದ್ದೆ ಸೀರೆ ಹಿಂಡಿಕೊಂಡು ಎದ್ದು, ಅತ್ತೆಯ ಕುರ್ಚಿಯ ಪಕ್ಕ ಒಂದು ಗಳಿಗೆ ನಿಂತಳು.

"ಬೇಗ ಬತ್ತಾಳೆ ಬುಡಿ" ಎಂದಳು.